ಆಲೋಚನೆ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಯೋಚಿಸುವುದಕ್ಕೆ ‘ವಿಚಾರ ಮಾಡು’ ಎಂಬುದೇ ರೂಢಿ. ಅಲ್ಲಿನ ದಿಗಂಬರ ಜೈನರ ಶಾಸ್ತ್ರದಲ್ಲಿ ‘ಆಲೋಚನೆ’ ಎಂದರೆ ಬೇರೆಯೇ: ಗುರುವಿನ ಮುಂದೆ ತಪ್ಪೊಪ್ಪಿಕೊಳ್ಳುವುದು. ಮೂಲ ಸಂಸ್ಕೃತದ ‘ಲೋಚ್’, ಅಂದರೆ ನೋಡು.

ಜೈನರ ‘ತತ್ತ್ವಾರ್ಥಸೂತ್ರ’ ಗ್ರಂಥ ಹೇಳುವ 9 ಪ್ರಾಯಶ್ಚಿತ್ತಗಳಲ್ಲಿ ಆಲೋಚನೆಯೇ ಮೊದಲನೆಯದು, ತಪ್ಪಿನಿಂದ ಹಿಂದೆ ಸರಿಯುವ ‘ಪ್ರತಿಕ್ರಮಣ’ ಎರಡನೆಯದು. ‘ಭಗವತೀ ಆರಾಧನಾ’ ಎಂಬ ಇನ್ನೊಂದು ಗ್ರಂಥ ಆಲೋಚನೆಯ 10 ದೋಷಗಳನ್ನೂ ಎಣಿಸುತ್ತದೆ. ಇತರರು ಕಂಡ ತಪ್ಪನ್ನಷ್ಟೇ ಹೇಳಿದರೆ ‘ದೃಷ್ಟ’. ಗದ್ದಲದ ನಡುವೆ ಗುರುವಿಗೆ ಕೇಳದಂತೆ ಹೇಳಿ ಮುಗಿಸಿದರೆ ‘ಶಬ್ದಾಕುಲಿತ’! ಮನುಷ್ಯರ ಜಾಣತನ ಚೆನ್ನಾಗಿ ಬಲ್ಲವರ ಪಟ್ಟಿಯಿದು.

20ನೇ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಇದೇ ಸೀಮೆಯವರು, ನಿಪ್ಪಾಣಿ ಬಳಿಯ ಭೋಜದವರು.

ಕನ್ನಡ ಕಥೋಲಿಕರ ಪಾಪನಿವೇದನೆಗೂ ಮುನ್ನ ಆತ್ಮಶೋಧನೆ ಉಂಟು. ಅಲ್ಲಿ ಗುರು ದೇವರ ಹೆಸರಿನಲ್ಲಿ ಕ್ಷಮೆ ಸಾರುತ್ತಾರೆ. ಜೈನ ಗುರು ಕೊಡುವುದು ಪ್ರಾಯಶ್ಚಿತ್ತವನ್ನು, ಕರ್ಮ ಸವೆಸುವ ಕೆಲಸ ಒಪ್ಪಿಕೊಂಡವರದೇ.