ಹೆಸರು ಬಂದ ವರ್ಷವೇ ಕಪ್ ಬಂತು: ಕೊಟ್ಟೂರಿನಿಂದ ನೋಡಿದ 1973-74ರ ರಣಜಿ ಸೀಸನ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ.

1934ರ ನವೆಂಬರ್ 4. ಮದ್ರಾಸಿನ ಚೆಪಾಕ್ ಮೈದಾನ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ. ಒಂದು ಕಡೆ ಮದ್ರಾಸ್, ಇನ್ನೊಂದು ಕಡೆ ಮೈಸೂರು. ಪ್ರಶ್ನೆ ಇಷ್ಟೇ: ಆವತ್ತು ನಮ್ಮ ಕೊಟ್ಟೂರು ಯಾವ ಕಡೆ ಇತ್ತು?

ಮೈಸೂರು ಅಂತೀರಾ? ತಪ್ಪು. ಆಗ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಡಳಿತದ ಲೆಕ್ಕದಲ್ಲಿ ನಾವು ಮದ್ರಾಸಿನವರು. ಆ ಪಂದ್ಯದಲ್ಲಿ ಮೈಸೂರು 48 ಮತ್ತು 59ಕ್ಕೆ ಆಲೌಟ್. ಮದ್ರಾಸ್ ಹೊಡೆದದ್ದು 130. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಒಂದೇ ದಿನದಲ್ಲಿ ಆಟ ಮುಗೀತು. ಲೆಕ್ಕಕ್ಕೆ ನಮ್ಮೂರು ಗೆದ್ದವರ ಕಡೆ. ಆದರೆ ಮನೆಯಲ್ಲಿ ಮಾತಾಡ್ತಿದ್ದದ್ದು ಕನ್ನಡ. ವಿಚಿತ್ರ ಅಲ್ವಾ?

ಬರೀ ನಮ್ಮ ಕತೆ ಅಲ್ಲ ಇದು. ಧಾರವಾಡದವರು ಬಾಂಬೆ ಪ್ರಾಂತ್ಯದಲ್ಲಿ, ಕಲಬುರಗಿಯವರು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. ಬಾಂಬೆ, ಹೈದರಾಬಾದ್, ಮದ್ರಾಸ್ ಅಂದ್ರೆ ರಣಜಿಯಲ್ಲಿ ಮೈಸೂರಿನ ಎದುರಾಳಿ ತಂಡಗಳ ಹೆಸರು. ಕನ್ನಡ ಮಾತಾಡೋ ಜನ ಆ ಎಲ್ಲ ಹೆಸರುಗಳ ಕೆಳಗೆ ಹಂಚಿಹೋಗಿದ್ದರು.

1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರೂ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರಲ್ಲಿ ಧಾರವಾಡ, ಕಲಬುರಗಿ ಕಡೆಯವರೂ ಬಂದು ಕೂಡಿಕೊಂಡರು. ಮನೆ ಒಂದಾಯ್ತು. ಬೋರ್ಡು ಮಾತ್ರ ಹಳೇದು: ‘ಮೈಸೂರು’. ನಮ್ಮ ಕಡೆಯವರು ಎಂದೂ ಮೈಸೂರು ಮಹಾರಾಜರ ಪ್ರಜೆಗಳಾಗಿದ್ದವರಲ್ಲ. ಆ ಹೆಸರು ನಮಗೆ ಇನ್ನೊಬ್ಬರ ಅಂಗಿ ತೊಟ್ಟ ಹಾಗೆ ಇತ್ತು.

1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ, ಬೋರ್ಡು ಬದಲಾಯ್ತು. ಕರ್ನಾಟಕ. ಅದರ ಜೊತೆಗೇ ಕ್ರಿಕೆಟ್ ತಂಡದ ಹೆಸರೂ ಬದಲಾಯ್ತು. ‘ಕರ್ನಾಟಕ’ ಅನ್ನೋ ಹೆಸರಲ್ಲಿ ತಂಡ ಆಡಿದ ಮೊದಲ ರಣಜಿ ಸೀಸನ್ 1973-74. ಇವತ್ತಿನ ಕತೆ ಅದೇ.

ಈಗ ಎದುರಾಳಿಯನ್ನ ನೋಡಿ. ಬಾಂಬೆ. 1958-59ರಿಂದ 1972-73ರವರೆಗೆ ಸತತ ಹದಿನೈದು ಸಲ ಚಾಂಪಿಯನ್. ಇವತ್ತಿನ ಐಪಿಎಲ್‌ನಲ್ಲಿ ಒಂದೇ ತಂಡ ಹದಿನೈದು ವರ್ಷ ಬಿಡದೆ ಕಪ್ ಎತ್ತಿದರೆ ನೀವು ಆ್ಯಪ್ ಡಿಲೀಟ್ ಮಾಡ್ತೀರಿ! ಮೈಸೂರು ತಂಡ ಅದಕ್ಕೆ ಮೊದಲು ಎರಡು ಸಲ ಫೈನಲ್‌ಗೆ ಹೋಗಿತ್ತು, 1941-42ರಲ್ಲಿ ಮತ್ತು 1959-60ರಲ್ಲಿ. ಎರಡೂ ಸಲ ಎದುರಿಗಿದ್ದದ್ದು ಬಾಂಬೆ. ಎರಡೂ ಸಲ ಇನ್ನಿಂಗ್ಸ್ ಸೋಲು.

1974ರ ಮಾರ್ಚ್. ಸೆಮಿಫೈನಲ್. ಬೆಂಗಳೂರಿನಲ್ಲಿ ಆಗಿನ್ನೂ ಹೊಸದಾಗಿದ್ದ ಕೆಎಸ್‌ಸಿಎ ಮೈದಾನ, ನಾವೀಗ ಚಿನ್ನಸ್ವಾಮಿ ಅಂತ ಕರೆಯೋದು. ಅಲ್ಲಿ ಅಲ್ಲಿಯವರೆಗೆ ಒಂದು ಟೆಸ್ಟ್ ಪಂದ್ಯವೂ ನಡೆದಿರಲಿಲ್ಲ. ಬಾಂಬೆ ಕ್ಯಾಪ್ಟನ್ ಅಜಿತ್ ವಾಡೇಕರ್, ಆಗ ಭಾರತದ ಕ್ಯಾಪ್ಟನ್ ಕೂಡ ಅವರೇ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಅವರಿಗೆ ಇಂಗ್ಲೆಂಡಿನಲ್ಲಿ ಸರಣಿ ಗೆದ್ದುಕೊಟ್ಟದ್ದು ನಮ್ಮ ಚಂದ್ರಶೇಖರ್. ಈಗ ಅದೇ ಚಂದ್ರ ಎದುರು ಪಾಳೆಯದಲ್ಲಿ. ಕರ್ನಾಟಕದ ಕ್ಯಾಪ್ಟನ್ ಪ್ರಸನ್ನ.

ಕರ್ನಾಟಕದ ಬ್ಯಾಟಿಂಗ್. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಕ್ರೀಸಿಗೆ ಬಂದರು. ಪದ್ಮಾಕರ್ ಶಿವಾಲ್ಕರ್ ಹಾಕಿದ ಮೊದಲ ಬಾಲೇ ಪ್ಯಾಡಿಗೆ ಬಡೀತು. ಜೋರು ಅಪೀಲು. ಅಂಪೈರ್ ತಲೆ ಆಡಿಸಿದರು, ನಾಟ್ ಔಟ್. ಅದು ಔಟೇ ಆಗಿತ್ತು ಅನ್ನೋ ಮಾತು ಬಾಂಬೆ ಕಡೆಯಿಂದ ಆಮೇಲೂ ಬರ್ತಾನೇ ಇತ್ತು. ಆಗ ಡಿಆರ್‌ಎಸ್ ಇಲ್ಲ, ರಿಪ್ಲೇ ಇಲ್ಲ. ಅದಾದ ಮೇಲೆ ವಿಶ್ವನಾಥ್ ಹೊಡೆದದ್ದು 162. ಜೊತೆಗೆ ಬ್ರಿಜೇಶ್ ಪಟೇಲ್ 106. ಒಟ್ಟು 385.

ಇಲ್ಲಿ ಒಂದು ನಿಯಮ ಗೊತ್ತಿರಬೇಕು. ರಣಜಿ ನಾಕೌಟ್ ಪಂದ್ಯ ಡ್ರಾ ಆದರೆ, ಮೊದಲ ಇನ್ನಿಂಗ್ಸಿನಲ್ಲಿ ಯಾರು ಮುಂದಿದ್ದಾರೋ ಅವರು ಪಾಸ್. ಅಂದ್ರೆ ಬಾಂಬೆಗೆ 385 ದಾಟಿದರೆ ಸಾಕು. ಹದಿನೈದು ವರ್ಷ ಗೆದ್ದವರಿಗೆ ಅದೇನು ದೊಡ್ಡದಾ?

ಗವಾಸ್ಕರ್ ಅವರನ್ನ ಪ್ರಸನ್ನ ಬೌಲ್ಡ್ ಮಾಡಿದರು. ಆದರೂ ವಾಡೇಕರ್ 62 ರನ್ ಮಾಡಿ ಗಟ್ಟಿಯಾಗಿ ನಿಂತಿದ್ದರು. ಅಷ್ಟರಲ್ಲಿ ಒಂದು ರನ್ನಿಗೆ ಓಡಿ, ವಾಪಸ್ ತಿರುಗುವಾಗ ಕಾಲು ಜಾರಿತು. ರನೌಟ್. ಕತೆ ತಿರುಗಿದ್ದೇ ಅಲ್ಲಿ. ಪ್ರಸನ್ನ, ಚಂದ್ರ ಎರಡೂ ಕಡೆಯಿಂದ ಹಿಡಿದು ಹಿಂಡಿದರು. ಬಾಂಬೆ 307ಕ್ಕೆ ಆಲೌಟ್. ಕರ್ನಾಟಕಕ್ಕೆ 78 ರನ್ನಿನ ಮುನ್ನಡೆ. ಪಂದ್ಯ ಡ್ರಾ ಆಯ್ತು, ಹದಿನೈದು ವರ್ಷದ ಸರಪಳಿ ತುಂಡಾಯ್ತು.

ಒಂದು ಎಲ್‌ಬಿಡಬ್ಲ್ಯೂ, ಒಂದು ಜಾರಿದ ಕಾಲು. ಅದೃಷ್ಟ ಅಂತೀರಾ? ಇರಬಹುದು. ಆದರೆ ಮೊದಲ ಬಾಲಿನ ಅದೃಷ್ಟ 162 ಹೊಡೆದುಕೊಡಲ್ಲ. ಸಿಕ್ಕ ಅವಕಾಶವನ್ನ ಕೈಬಿಡದೆ ಹಿಡಿದದ್ದು ಆಟಗಾರರು.

ಫೈನಲ್ ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ. ಪಾಪ, 1960ರ ದಶಕದಲ್ಲಿ ಮತ್ತೆ ಮತ್ತೆ ಫೈನಲ್‌ಗೆ ಬಂದು ಬಾಂಬೆ ಎದುರು ಸೋತ ತಂಡ ಅದು. ಬಾಂಬೆ ಇಲ್ಲದ ಫೈನಲ್ ಸಿಕ್ಕಾಗ ಎದುರಿಗೆ ಕರ್ನಾಟಕ! ಕರ್ನಾಟಕ 185 ರನ್ನಿನಿಂದ ಗೆದ್ದಿತು. ಹೆಸರಿಟ್ಟು ಐದೇ ತಿಂಗಳಿಗೆ ಮನೆಗೆ ಮೊದಲ ರಣಜಿ ಕಪ್.

ಆಗ ರಾಜ್ಯದಲ್ಲಿ ಟಿವಿ ಇರಲಿಲ್ಲ. ರೇಡಿಯೊ ಇರೋರಿಗೆ ರೇಡಿಯೊ, ಇಲ್ಲದೋರಿಗೆ ಮರುದಿನದ ಪೇಪರ್. ಮನೇಲಿ ತಾತ ಇದ್ರೆ ಒಂದ್ಸಲ ಕೇಳಿ ನೋಡಿ: ‘ತಾತ, ಕರ್ನಾಟಕ ಅಂತ ಹೆಸರು ಬಂದಾಗ ನಿಮಗೆ ಎಷ್ಟು ವಯಸ್ಸು?’ ಆವಾಗ ಇಪ್ಪತ್ತು ದಾಟಿದ್ದ ಕೊಟ್ಟೂರಿನವರು ಹುಟ್ಟಿದ್ದು ಮದ್ರಾಸಿನ ಆಡಳಿತದಲ್ಲಿ, ಬೆಳೆದದ್ದು ಮೈಸೂರು ರಾಜ್ಯದಲ್ಲಿ. ‘ನಮ್ಮ ತಂಡ’ ಅನ್ನೋಕೆ ಅವರಿಗೆ ಒಂದು ಹೆಸರು ಸಿಕ್ಕಿದ್ದೇ ಆ ವರ್ಷ.

ಆದರೆ ಒಂದು ಮಾತು ಬಚ್ಚಿಡೋದು ಬೇಡ. ಹೆಸರು ಕರ್ನಾಟಕ ಆದರೂ ಆ ತಂಡದ ಬಹುತೇಕರು ಬೆಂಗಳೂರು, ಮೈಸೂರಿನ ಕ್ಲಬ್‌ಗಳಲ್ಲಿ ಆಡಿ ಬಂದವರು. ಟರ್ಫ್ ಪಿಚ್ಚು, ಕೋಚು, ಲೀಗು ಎಲ್ಲ ಇದ್ದದ್ದು ಅಲ್ಲೇ. ನಮ್ಮ ಕಡೆ ಹುಡುಗರಿಗೆ ಹೆಸರಿನಲ್ಲಿ ಪಾಲು ಸಿಕ್ಕಿತು, ಮೈದಾನದಲ್ಲಿ ಪಾಲು ಸಿಗೋಕೆ ಇನ್ನೂ ಬಹಳ ವರ್ಷ ಬೇಕಿತ್ತು.

ಎಷ್ಟು ವರ್ಷ? ನಲವತ್ತು ಅನ್ನಿ. 2013-14ರಲ್ಲಿ ಕರ್ನಾಟಕ ಮತ್ತೆ ರಣಜಿ ಗೆದ್ದಾಗ ಕ್ಯಾಪ್ಟನ್ ಆರ್. ವಿನಯ್ ಕುಮಾರ್, ದಾವಣಗೆರೆ ಹುಡುಗ. ಆಗ ಹರಪನಹಳ್ಳಿ ಇದ್ದದ್ದು ದಾವಣಗೆರೆ ಜಿಲ್ಲೆಯಲ್ಲೇ. ಮುಂದಿನ ವರ್ಷ ಸೆಮಿಫೈನಲ್, ಅದೇ ಚಿನ್ನಸ್ವಾಮಿ, ಅದೇ ಮುಂಬೈ. ವಿನಯ್ 20 ರನ್ನಿಗೆ 6 ವಿಕೆಟ್, ಮುಂಬೈ ಒಂದು ಇನ್ನಿಂಗ್ಸಿನಲ್ಲಿ 44ಕ್ಕೆ ಆಲೌಟ್. ಫೈನಲ್‌ನಲ್ಲಿ ಎದುರಿಗೆ ಯಾರು ಗೊತ್ತಾ? ತಮಿಳುನಾಡು, 1934ರ ಮದ್ರಾಸ್. ಕರುಣ್ ನಾಯರ್ 328 ಹೊಡೆದರು, ಕರ್ನಾಟಕ ಇನ್ನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಟ್ಟೂರು ಯಾವ ಕಡೆ? ಈ ಸಲ ಯಾರಿಗೂ ಅನುಮಾನ ಇರಲಿಲ್ಲ. ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುತ್ತ ಗೆಳೆಯರಿಗೂ ಇದೇ ಪ್ರಶ್ನೆ ಕೇಳಿ, ಎಷ್ಟು ಜನ ಸರಿ ಹೇಳ್ತಾರೆ ನೋಡೋಣ.