ನಿತ್ಯ ಎಂದರೆ ಎಷ್ಟು ಕಾಲ?

‘ನಿತ್ಯ ವಾಕಿಂಗ್ ಹೋಗುತ್ತೇನೆ’ ಅನ್ನುವವರು ಮಳೆ ಬಂದ ದಿನ ಮನೆಯಲ್ಲೇ ಇರುತ್ತಾರೆ. ‘ಆತ್ಮ ನಿತ್ಯ’ ಅನ್ನುವಾಗ ಅಂಥ ರಿಯಾಯಿತಿ ಇಲ್ಲ. ಪದ ಒಂದೇ, ಅಳತೆ ಬೇರೆ. ನಮಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲ. ಕನ್ನಡ ಬೈಬಲಿನ ‘ನಿತ್ಯಜೀವ’ದ ಹಿಂದೆ ಇರುವ ಗ್ರೀಕ್ ಪದ ‘ಐಯೋನಿಯೋಸ್’ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನರಕಕ್ಕೆ ಕೊನೆಯುಂಟೇ, ಕಟ್ಟಕಡೆಗೆ ಎಲ್ಲರೂ ಉದ್ಧಾರವಾಗುತ್ತಾರೆಯೇ ಎಂಬ ಕ್ರೈಸ್ತರ ಹಳೆಯ ಜಗಳ ಈ ಪದಕ್ಕೇ ಜೋತುಬಿದ್ದಿದೆ.

ಇದರ ಬೇರು ‘ಐಯೋನ್’, ಅಂದರೆ ಯುಗ. ಯುಗ ಮುಗಿಯಬಹುದು, ಮುಗಿಯದೆಯೂ ಇರಬಹುದು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, ಮೀನಿನ ಹೊಟ್ಟೆ ಸೇರಿದ ಯೋನ ತನ್ನನ್ನು ಸೆರೆಹಿಡಿದ ಅಗುಳಿಗಳನ್ನು ‘ಐಯೋನಿಯೋಸ್’ ಅನ್ನುತ್ತಾನೆ. ಅವನು ಒಳಗಿದ್ದದ್ದು ಮೂರು ದಿನ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಂತೂ ಈ ಪದ ಒಂದೇ ಉಸಿರಿನಲ್ಲಿ ಎರಡು ಸಲ ಬರುತ್ತದೆ: ಮೊದಲು, ಗುಟ್ಟೊಂದು ಅಡಗಿದ್ದ, ಅದು ಬಯಲಾದ್ದರಿಂದ ಈಗ ಮುಗಿದುಹೋದ ಕಾಲಕ್ಕೆ; ಆಮೇಲೆ ದೇವರಿಗೆ.

ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಚಿಂತಕ ಒರಿಗೆನ್ ನರಕದ ಶಿಕ್ಷೆಯನ್ನು ಚಿಕಿತ್ಸೆಯೆಂದೇ ಕಂಡ. ವಾಸಿಯಾದ ಮೇಲೆ ಜೀವಗಳೆಲ್ಲ ದೇವರ ಕಡೆಗೆ ಮರಳಬೇಕು. ನಿಸ್ಸದ ಗ್ರೆಗರಿಯೂ ಇದನ್ನು ಒಪ್ಪಿದ. ಗ್ರೀಕ್ ಅಷ್ಟಾಗಿ ಬಾರದ, ಲ್ಯಾಟಿನ್‌ನಲ್ಲಿ ಬೈಬಲ್ ಓದಿದ ಅಗಸ್ಟೀನ್ ಇಂಥವರನ್ನು ‘ಮೃದುಹೃದಯಿಗಳು’ ಎಂದು ಚುಚ್ಚಿದ. ಆದರೆ ಅವನು ಹಾಕಿದ ಗಂಟು ಗಟ್ಟಿ. ಮತ್ತಾಯನ 25ನೆಯ ಅಧ್ಯಾಯದ ಕೊನೆಯ ವಾಕ್ಯ ಶಿಕ್ಷೆಗೂ ಜೀವಕ್ಕೂ ಇದೇ ವಿಶೇಷಣವನ್ನು ಕೊಡುತ್ತದೆ. ನರಕಕ್ಕೆ ಅವಧಿ ಕಟ್ಟಿದರೆ ಸ್ವರ್ಗಕ್ಕೂ ಕಟ್ಟಬೇಕಲ್ಲ? 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಒರಿಗೆನ್‌ನನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಗ್ರೆಗರಿ ಸಂತನಾಗಿಯೇ ಉಳಿದ.

ಈ ಪದದಿಂದ ಕೆಲಸ ಕಳೆದುಕೊಂಡವರೂ ಇದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಎಫ್. ಡಿ. ಮಾರಿಸ್, ನಿತ್ಯತೆ ಕಾಲದ ಉದ್ದವೇ ಅಲ್ಲ, ದೇವರನ್ನು ಅರಿಯುವುದೇ ನಿತ್ಯಜೀವ, ಅವನಿಂದ ದೂರವಾಗುವುದೇ ಶಿಕ್ಷೆ ಎಂದು ಬರೆದರು. 1853ರಲ್ಲಿ ಕಾಲೇಜು ಅವರನ್ನು ಮನೆಗೆ ಕಳಿಸಿತು. ಹನ್ನೊಂದು ವರ್ಷದ ಬಳಿಕ, ದುಷ್ಟರಿಗೂ ಕೊನೆಗೆ ಕ್ಷಮೆ ಸಿಗಲಿ ಎಂದು ಆಶಿಸಿದ ಪಾದ್ರಿ ಎಚ್. ಬಿ. ವಿಲ್ಸನ್ ತಪ್ಪಿತಸ್ಥರಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ನ್ಯಾಯಾಧೀಶರು ನರಕದ ದಾವೆಯನ್ನು ಖರ್ಚುಸಮೇತ ವಜಾ ಮಾಡಿದರೆಂದು ವಕೀಲರು ನಗಾಡಿದರು.

ನಮಗೆ ಈ ತಕರಾರು ದೂರದ್ದೆನಿಸಬಹುದು. ಪುರಾಣಗಳ ನರಕ ಅವಧಿ ಶಿಕ್ಷೆ; ಪಾಪ ಸವೆದರೆ ಬಿಡುಗಡೆ, ಮತ್ತೆ ಹುಟ್ಟು. ಆದರೆ ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮೂರು ಬಗೆಯಾಗಿ ವಿಂಗಡಿಸಿದಾಗ ಎಂದೆಂದೂ ಸುತ್ತುವ ‘ನಿತ್ಯಸಂಸಾರಿ’ಗಳನ್ನೂ, ಅಂಧಂತಮಸ್ಸೆಂಬ ನರಕದಿಂದ ಮರಳದ ತಮೋಯೋಗ್ಯರನ್ನೂ ಒಪ್ಪಿದರು. ಅಲ್ಲಿ ‘ನಿತ್ಯ’ಕ್ಕೆ ವಿನಾಯಿತಿ ಇಲ್ಲ.

ಕ್ರೈಸ್ತರ ಜಗಳವಂತೂ ಇನ್ನೂ ಮುಗಿದಿಲ್ಲ. ದೇವಶಾಸ್ತ್ರಜ್ಞ ಡೇವಿಡ್ ಬೆಂಟ್ಲಿ ಹಾರ್ಟ್ 2019ರ ತಮ್ಮ ಪುಸ್ತಕದಲ್ಲಿ ಎಲ್ಲರೂ ಉಳಿಯಲೇಬೇಕು ಎಂದು ಹಟ ಹಿಡಿದರು. ಅವರ ವಾದದ ಬಲವೂ ನಿಘಂಟಿನಿಂದ ಬಂದದ್ದಲ್ಲ: ಮಗು ಕಳೆದುಹೋಗಿರುವಾಗ ತಾಯಿಗೆ ಸ್ವರ್ಗ ರುಚಿಸೀತೇ ಎಂಬಂಥ ಪ್ರಶ್ನೆಯಿಂದ. ಎದುರಾಳಿಗಳ ಬಲವೂ ಇನ್ನೊಂದು ಪ್ರಶ್ನೆಯಲ್ಲಿದೆ: ಬರುವುದಿಲ್ಲ ಎಂದವನನ್ನು ದೇವರು ಎಳೆದುಕೊಂಡು ಹೋಗಬೇಕೇ? ದೇವರು ಎಂಥವನು ಎಂದು ಮೊದಲೇ ನಿಶ್ಚಯಿಸಿಕೊಂಡವರು ‘ಐಯೋನಿಯೋಸ್’ಗೆ ತಕ್ಕ ಅರ್ಥ ಹುಡುಕಿಕೊಳ್ಳುತ್ತಾರೆ. ಸ್ವಿಸ್ ಕ್ಯಾಥೊಲಿಕ್ ಚಿಂತಕ ಬಾಲ್ತಸಾರ್ ಇದನ್ನರಿತೇ ಮಾತು ತೂಗಿದರು: ಎಲ್ಲರೂ ಉಳಿಯುತ್ತಾರೆ ಎಂದು ಸಾರುವ ಹಕ್ಕು ನಮಗಿಲ್ಲ, ಉಳಿಯಲಿ ಎಂದು ಆಶಿಸುವುದು ಮಾತ್ರ ಕರ್ತವ್ಯ. ಇಷ್ಟು ಅಲುಗಾಡುವ ಪದದ ಮೇಲೆ ಅದಕ್ಕಿಂತ ಭಾರ ಹೇರುವುದು ನನಗೂ ಸರಿಕಾಣದು.