ಆಕಾಶದಲ್ಲಿ ಒಂದು ತಾಸು, ನೆಲದಲ್ಲಿ ಏಳು

ಒಂದು ಭೂಪಟ ತಗೊಳ್ಳಿ. ವಿಜಯಪುರ ಜಿಲ್ಲೆಯ ಮಸೂತಿ ಅನ್ನೋ ಊರಿನ ಮೇಲೆ ಬೆರಳಿಡಿ. ಕೂಡಗಿ ವಿದ್ಯುತ್ ಸ್ಥಾವರದ ಮಗ್ಗುಲಿನ ಊರು. ಅಲ್ಲಿಂದ ಹುಬ್ಬಳ್ಳಿ, ಬೆಳಗಾವಿಯ ಸಾಂಬ್ರಾ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಿಗೆ ನೇರ ಗೆರೆ ಎಳೆಯಿರಿ. ಮೂರೂ ಗೆರೆಗಳು ಹೆಚ್ಚೂಕಡಿಮೆ 150 ಕಿಲೋಮೀಟರ್! ಮೂರು ನಿಲ್ದಾಣಗಳ ನಡುವೆ ಇದ್ದೂ ಮೂರಕ್ಕೂ ದೂರ.

ಹಾಗಂತ ವಿಮಾನ ಈ ಸೀಮೆಗೆ ಹೊಸದೇನಲ್ಲ ವೀಕ್ಷಕರೇ. 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು. ಯಾವ ಮಾರ್ಗವಾಗಿ ಗೊತ್ತಾ? ನಮ್ಮ ಬಳ್ಳಾರಿ! ಆಗ ಅದು ಮದ್ರಾಸ್ ಪ್ರಾಂತ್ಯದ ಊರು. ಮುಂಬೈ-ಬಳ್ಳಾರಿ ನಡುವೆ ನೇರ ಗೆರೆ ಎಳೆದರೆ ಅದು ಬಾಗಲಕೋಟೆಯ ಪಕ್ಕದಲ್ಲೇ ಹಾದುಹೋಗುತ್ತೆ. ವಿಮಾನ ಗೆರೆ ಹಿಡಿದೇ ಹಾರಿತು ಅಂತ ನಾನು ಹೇಳ್ತಿಲ್ಲ. ಆದರೆ ಭಾರತದ ನಾಗರಿಕ ವಿಮಾನಯಾನ ಕಣ್ಣು ಬಿಟ್ಟಾಗಲೇ ಕೃಷ್ಣೆಯ ಈ ಬಯಲನ್ನು ದಾಟಿತ್ತು. ದಾಟಿತ್ತು ಅಷ್ಟೇ, ಇಳಿಯಲಿಲ್ಲ.

ಸಾಂಬ್ರಾ 1942ರಲ್ಲಿ ಹುಟ್ಟಿದ್ದು ಯುದ್ಧಕ್ಕಾಗಿ, ಬ್ರಿಟಿಷ್ ವಾಯುಪಡೆಯ ತರಬೇತಿಗೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಿತು. ಜನಸಾಮಾನ್ಯ ವಿಮಾನ ಹತ್ತಿದ. ಆದರೆ 2008ರಲ್ಲಿ ಆ ಕಂಪನಿ ಕಿಂಗ್‌ಫಿಷರ್‌ನೊಳಗೆ ಕರಗಿತು, 2012ರಲ್ಲಿ ಕಿಂಗ್‌ಫಿಷರೇ ನೆಲ ಕಚ್ಚಿತು. ಕಲಬುರಗಿ ನಿಲ್ದಾಣ ಉದ್ಘಾಟನೆಯಾಗಿದ್ದು 2019ರ ನವೆಂಬರ್‌ನಲ್ಲಿ.

ಈಗ ಲೆಕ್ಕ ಹಾಕೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 370 ಕಿಲೋಮೀಟರ್, ಒಂದು ತಾಸಿನ ಹಾರಾಟ. ಟಿಕೆಟ್ ಮೇಲೆ ಅಷ್ಟೇ ಇರೋದು. ಮಸೂತಿಯಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ನಾಲ್ಕು ತಾಸು ಹಿಡೀರಿ, ತಪಾಸಣೆಗೆ ಮೊದಲೇ ಹೋಗಿ ಕೂರೋದು ಒಂದೂವರೆ, ಇಳಿದ ಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಇನ್ನೊಂದೂವರೆ. ಎಂಟು ತಾಸಾಯ್ತು! ರಾತ್ರಿ ಬಸ್ ಹತ್ತಿದವನು ಎರಡು-ಮೂರು ತಾಸು ತಡವಾಗಿ ಬರ್ತಾನೆ, ಅದೂ ನಿದ್ದೆ ಮಾಡಿ, ಕಡಿಮೆ ದುಡ್ಡಲ್ಲಿ. ಅವನನ್ನು ವಿಮಾನ ಹತ್ತು ಅಂತ ಯಾವ ಬಾಯಲ್ಲಿ ಹೇಳ್ತೀರಿ?

ಇದಕ್ಕೆ ಉತ್ತರ ವಿಜಯಪುರದ ಬುರಣಾಪುರ-ಮದಭಾವಿ ಬಳಿ ಇದೆ. 2021ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಮೊದಲು ಸಣ್ಣ ಎಟಿಆರ್ ವಿಮಾನಕ್ಕೆ ಅಂದರು, ಆಮೇಲೆ ದೊಡ್ಡ ಏರ್‌ಬಸ್ಸೂ ಇಳಿಯಲಿ ಅಂದರು. ಒಳ್ಳೆಯದೇ. ಅಲ್ಲಿಂದ ಬೆಂಗಳೂರಿಗೆ ನೇರವಾಗಿ ಸುಮಾರು 460 ಕಿಲೋಮೀಟರ್. ಮಸೂತಿಯವನು ಮನೆಯಿಂದ ಒಂದು ತಾಸಲ್ಲಿ ನಿಲ್ದಾಣ ಮುಟ್ಟಬಹುದು. ಎಂಟು ತಾಸು ಐದಕ್ಕೆ ಇಳಿಯುತ್ತೆ. ಇಂಡಿಯ ಲಿಂಬೆ, ವಿಜಯಪುರದ ದ್ರಾಕ್ಷಿ, ಆಸ್ಪತ್ರೆಗೆ ಓಡುವ ಜೀವ... ಆ ಮೂರು ತಾಸಿನ ಬೆಲೆ ಇವರಿಗೆ ಗೊತ್ತು.

ಅಡಿಗಲ್ಲು ಬಿದ್ದು ಮೂರು ವರ್ಷ ದಾಟಿದ ಮೇಲೂ ಅಲ್ಲಿ ವಿಮಾನ ಇಳಿಯಲಿಲ್ಲ. ಮಸೂತಿಯವರು ಇನ್ನೂ ರಾತ್ರಿ ಬಸ್ಸಿಗೇ ಸೀಟು ಹಿಡೀತಿದ್ದಾರೆ.